ನೋವಲ್ಲ ಅಜ್ಜಿ, ನೋಹ!

ತಮ್ಮನ ಮಗನಿಗೆ ನೋಹ ಅಂತ ಹೆಸರಿಟ್ಟೆವು. ಹುಡುಕಿದ್ದು ನಾನು, ಹಾಗಾಗಿ ಬೈಸಿಕೊಂಡಿದ್ದೂ ನಾನೇ.

ಮೈಸೂರಿನ ಬನ್ನಿಮಂಟಪದ ನಮ್ಮ ಮನೆಗೆ ಮಗು ನೋಡಲು ಪಕ್ಕದ ಮನೆ ಅಜ್ಜಿ ಬಂದಿದ್ದರು. ಮದ್ದೂರು ಕಡೆಯವರು. ಮಗುವಿನ ಪುಟ್ಟ ಮುಷ್ಟಿಗೆ ನೂರು ರೂಪಾಯಿ ನೋಟು ಸಿಕ್ಕಿಸಿ ಹೆಸರು ಕೇಳಿದರು. ತಮ್ಮ ಇಂಗ್ಲಿಷ್ ಧಾಟಿಯಲ್ಲಿ "ನೋವಾ" ಅಂದ. ಅಜ್ಜಿಗೆ ಗಾಬರಿ. "ಎಲ್ಲಪ್ಪಾ ನೋವು, ಹೊಟ್ಟೇಲಾ?" ಅಂತ ಕೂಸಿನ ಹೊಟ್ಟೆ ಸವರತೊಡಗಿದರು! ಹೆಸರೇ ಅದು ಅಂದರೆ, "ಯಾರಾರೂ ಕೂಸಿಗೆ ನೋವು ಅಂತ ಹೆಸ್ರು ಮಡಗ್ತಾರಾ?" ಅಂತ ನನ್ನನ್ನೇ ತರಾಟೆಗೆ ತೆಗೆದುಕೊಂಡರು.

ತಮಾಷೆ ಅಂದ್ರೆ, ಅರ್ಥ ಪೂರ್ತಿ ಉಲ್ಟಾ. ಹೀಬ್ರೂ ಭಾಷೆಯ ಈ ಹೆಸರಿಗೆ ವಿಶ್ರಾಂತಿ, ನೆಮ್ಮದಿ ಅಂತ ಅರ್ಥ. ಬೈಬಲ್ಲಿನ ಆದಿಕಾಂಡ 5ನೇ ಅಧ್ಯಾಯದಲ್ಲಿ ನೋಹನ ಅಪ್ಪ ಲೆಮೆಕ, ಶಾಪ ಹತ್ತಿದ ನೆಲದಲ್ಲಿ ದುಡಿದು ಸುಸ್ತಾದ ನಮಗೆ ಇವನು ಸಮಾಧಾನ ತರುತ್ತಾನೆ ಅಂತ ಹೇಳಿ ಈ ಹೆಸರಿಡುತ್ತಾನೆ. ಆಗ ಅಪ್ಪನ ವಯಸ್ಸು 182! ಜಲಪ್ರಳಯ, ಅದರಿಂದ ಪಾರಾಗಲು ನೋಹ ಕಟ್ಟಿದ ನಾವೆ ಎಲ್ಲ ಆಮೇಲಿನ ಮಾತು. ಎಲ್ಲರಿಗೂ ನೆನಪಿರುವುದು ಮಾತ್ರ ಅದೇ, ಅಲ್ವಾ?

ಅಮೆರಿಕದಲ್ಲಿ 2013ರಿಂದ 2016ರವರೆಗೆ ಗಂಡುಮಕ್ಕಳಿಗೆ ಅತಿ ಜಾಸ್ತಿ ಇಟ್ಟ ಹೆಸರು ಇದೇ. ಮುಸ್ಲಿಮರಲ್ಲಿ ನೂಹ್ ಅನ್ನುತ್ತಾರೆ. ಕುರಾನಿನ 71ನೇ ಅಧ್ಯಾಯಕ್ಕೆ ಆ ಹೆಸರೇ ಇದೆ.

ಅಜ್ಜಿಗೆ ಇದೆಲ್ಲ ಬೇಕಿರಲಿಲ್ಲ. "ಹೊಲ ಗೇದು ಸಾಕಾದ ಅಪ್ಪ ಇಟ್ಟ ಹೆಸರಜ್ಜಿ" ಅಂದೆ. "ಹಂಗನ್ನು ಮತ್ತೆ" ಅಂದು ಸುಮ್ಮನಾದರು. ಈಗ ದಿನಾ ಬೆಳಿಗ್ಗೆ ಕಾಂಪೌಂಡ್ ಆಚೆಯಿಂದ ಕೇಳುತ್ತಾರೆ: "ನೋವಪ್ಪ ಎದ್ನಾ?"