ಹೆಬ್ಬೆಟ್ಟಿನ ಚಿತ್ರ ಮತ್ತು ಒಂದು ವರ್ಗಸಮೀಕರಣ

ಇಂಜಿನಿಯರಿಂಗ್ ಮೊದಲ ವರ್ಷದವರಿಗೆ ವಾರದಲ್ಲಿ ಮೂರು ಸಂಜೆ ಆನ್‌ಲೈನ್‌ನಲ್ಲಿ ಗಣಿತ ಹೇಳಿಕೊಡಲು ಆರಂಭಿಸಿ ನನಗೆ ನಾಲ್ಕು ವರ್ಷಗಳಾದವು. ಪಾಠ ಸಿಗಲಿಲ್ಲವೆಂದು ಯಾರೂ ನನ್ನ ಬಳಿ ಬರುವುದಿಲ್ಲ. ಐಐಟಿಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ಯೋಜನೆಯಲ್ಲಿ, 2017ರಲ್ಲಿ ಬಂದ ಕೇಂದ್ರ ಸರ್ಕಾರದ 'ಸ್ವಯಂ' ಜಾಲತಾಣದಲ್ಲಿ ಉತ್ತಮ ಪ್ರಾಧ್ಯಾಪಕರ ಉಪನ್ಯಾಸಗಳು ಉಚಿತವಾಗಿಯೇ ದೊರೆಯುತ್ತವೆ. ರೆಕಾರ್ಡ್ ಮಾಡಿದ ಉಪನ್ಯಾಸದ ಮುಂದೆ ಕುಳಿತವನು ಮೂರನೆಯ ಸಾಲಿನಲ್ಲಿ ಎಡವಿದರೆ ಅದನ್ನು ಯಾರಿಗೆ ಹೇಳಬೇಕೆಂಬುದೇ ತೊಡಕು.

ನನ್ನ ತರಗತಿಯಲ್ಲೂ ಅದನ್ನು ಸುಲಭವಾಗಿ ಹೇಳುವುದಿಲ್ಲ. ಕ್ಯಾಮೆರಾ ಮುಚ್ಚಿಕೊಂಡು, "ಅರ್ಥವಾಯಿತೇ?" ಎಂದರೆ ಹೆಬ್ಬೆಟ್ಟಿನ ಚಿತ್ರ ಒತ್ತುತ್ತಾರೆ. (ಮಕ್ಕಳು ಹೆಬ್ಬೆಟ್ಟು ಒತ್ತುವಂತಾಗಬಾರದೆಂದೇ ಅಪ್ಪ ಅಮ್ಮ ಸಾಲ ಮಾಡಿ ಓದಿಸುತ್ತಿದ್ದಾರೆ!) ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದ ಹುಡುಗನೊಬ್ಬ ಮ್ಯಾಟ್ರಿಕ್ಸ್ ಪಾಠದಲ್ಲಿ ಬರುವ 'ಕ್ಯಾರಕ್ಟರಿಸ್ಟಿಕ್ ಈಕ್ವೇಶನ್' ಎಂಬ ಹೆಸರು ಕೇಳಿಯೇ ಕೈಚೆಲ್ಲಿದ್ದ. ಮೊದಲ ಸಾಲಿನಲ್ಲಿ 4, 1, ಎರಡನೆಯದರಲ್ಲಿ 2, 3 ಇರುವ ಮ್ಯಾಟ್ರಿಕ್ಸ್ ಬರೆದು, ಕೊನೆಗೆ ಉಳಿಯುವುದು ಅವನು ಹತ್ತರಲ್ಲಿ ಬಿಡಿಸಿದ್ದ ವರ್ಗಸಮೀಕರಣವೇ, ಕೂಡಿದರೆ 7, ಗುಣಿಸಿದರೆ 10 ಬರುವ ಎರಡು ಸಂಖ್ಯೆ ಹುಡುಕು ಎಂದಾಗ, ಕ್ಷಣವೂ ತಡೆಯದೆ "5 ಮತ್ತು 2 ಸರ್" ಎಂದ. ಆ ಸಂಜೆ ಮೊದಲ ಬಾರಿಗೆ ಅವನ ದನಿ ಕೇಳಿದೆ.

ಅದೇ ಹುಡುಗ ಸೆಮಿಸ್ಟರ್ ಪರೀಕ್ಷೆಯ ಹೊತ್ತಿಗೆ ರಾತ್ರಿ ಒಂದು ಗಂಟೆಗೆ ಬರೆದ: "ಸರ್, ಈ ಲೆಕ್ಕ ಬಗೆಹರಿಯುತ್ತಿಲ್ಲ. ಇನ್ನು ಯಾವುದೂ ಬಗೆಹರಿಯುವುದಿಲ್ಲ ಅನ್ನಿಸುತ್ತಿದೆ." ಬೆಳಿಗ್ಗೆ ನಾನು ಮೊದಲ ವಾಕ್ಯಕ್ಕೆ ಮಾತ್ರ ಉತ್ತರಿಸಿ, ಲೆಕ್ಕ ಬಿಡಿಸಿ, ಹಾಳೆಯ ಫೋಟೊ ಕಳುಹಿಸಿದೆ. ಎರಡನೆಯ ವಾಕ್ಯವನ್ನು ನಿಜವಾಗಿ ಓದಿದ್ದು ಎರಡು ದಿನಗಳ ಮೇಲೆ. ಕರೆ ಮಾಡಿದಾಗ, ಎರಡು ವಿಷಯಗಳಲ್ಲಿ ಪಾಸಾಗದೆ ಉಳಿದಿರುವುದನ್ನು ಮನೆಯಲ್ಲಿ ಮುಚ್ಚಿಟ್ಟಿರುವುದೂ ವಾರದಿಂದ ನಿದ್ದೆಯಿಲ್ಲದಿರುವುದೂ ಒಂದೊಂದಾಗಿ ಹೊರಬಂದವು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿಯೇ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂಬ ಭಯ ಅನೇಕ ಅಧ್ಯಾಪಕರಲ್ಲಿದೆ, ಅದು ತಪ್ಪು.

ಅಲ್ಲಿಂದ ಮುಂದಿನ ಕೆಲಸ ನನ್ನದಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರಸ್ಥಾನವಾಗಿದ್ದು, 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಆಪ್ತಸಮಾಲೋಚಕರೊಡನೆ ಮಾತನಾಡಬಹುದು. ಸಂಖ್ಯೆ ಕೊಟ್ಟು ಕೈತೊಳೆದುಕೊಳ್ಳಲು ಮನಸ್ಸಾಗದೆ, ಅವನು ಮಾತನಾಡಿ ಮುಗಿಸಿ ಮತ್ತೆ ನನಗೆ ಕರೆ ಮಾಡುವವರೆಗೆ ಫೋನ್ ಹಿಡಿದೇ ಕುಳಿತಿದ್ದೆ.

ಈಗ ಪ್ರತಿ ತರಗತಿಯ ಕೊನೆಯ ಹತ್ತು ನಿಮಿಷ ರೆಕಾರ್ಡಿಂಗ್ ನಿಲ್ಲಿಸಿ, ಬೋರ್ಡಿನ ಮೂಲೆಯಲ್ಲಿ 14416 ಎಂದು ಬರೆದಿಡುತ್ತೇನೆ. ಕಳೆದ ವಾರ ಹೊಸದಾಗಿ ಸೇರಿದ ಹುಡುಗಿ ಕೇಳಿದಳು: "ಸರ್, ಅದು ಯಾವ ಲೆಕ್ಕದ ಉತ್ತರ?"