ಪಳಯದಲ್ಲೇ ಸಾರೇ

ಮಂಗಳವಾರದಿಂದ ಒಂದೇ ಮಾತು ಕಿವಿಯೊಳಗೆ ಕೂತಿದೆ. "ಪಳಯದಲ್ಲೇ ಸಾರೇ." ಹಳೇದಲ್ವಾ ಸಾರ್.

ಹೇಳಿದವನು ನಮ್ಮ ಕಾಸರಗೋಡಿನ ಕುಂಬಳೆಯ ಒಂದು ರಿಪೇರಿ ಅಂಗಡಿಯ ಹುಡುಗ, ಮಲಯಾಳದಲ್ಲಿ. ಕಂಪ್ಯೂಟರಿನ ಪರದೆಗೆ ಚಿತ್ರ ಬಿಡಿಸಿಕೊಡುವ ನನ್ನ ಗ್ರಾಫಿಕ್ಸ್ ಕಾರ್ಡಿನ ಎರಡು ಫ್ಯಾನುಗಳ ಪೈಕಿ ಒಂದು, ವಾರದಿಂದ ಕರಕರ ಎಂದು, ಕೊನೆಗೆ ನಿಂತೇ ಹೋಗಿತ್ತು. ಫ್ಯಾನ್ ಮಾತ್ರ ಬದಲಿಸಿಕೊಡು ಅಂದೆ. ಅವನು ಸ್ಕ್ರೂ ಬಿಚ್ಚಿ, ಕಾರ್ಡಿನ ಬಿಸಿ ಹೊರಹಾಕುವ ಹೀಟ್‌ಸಿಂಕನ್ನು ಬೆಳಕಿಗೆ ಹಿಡಿದ. ತಗಡಿನ ಎಸಳುಗಳ ನಡುವೆ ಕಂದು ಬಣ್ಣದ ಮೆತ್ತನೆಯ ಪುಡಿ. ಬ್ರಶ್ ಹಾಕಿದ ಕೂಡಲೇ ಅಂಗಡಿಯಿಡೀ ಅಡಿಕೆ ಸುಲಿಯುವ ಚಾವಡಿಯ ವಾಸನೆ. ನಾಲ್ಕೈದು ಸತ್ತ ಇರುವೆ, ಹಲ್ಲಿಮೊಟ್ಟೆಯ ಅರ್ಧ ಚಿಪ್ಪು. ನನಗೆ ಸ್ವಲ್ಪ ನಾಚಿಕೆಯಾಯಿತು, ಸುಳ್ಳು ಯಾಕೆ.

ಆಗ ಅವನು ಆ ಮಾತು ಹೇಳಿದ್ದು. ಹೇಳಿ, ಕಪಾಟಿನಿಂದ ಒಂದು ಹೊಸ ಪೆಟ್ಟಿಗೆ ತೆಗೆದು ನನ್ನ ಕಾರ್ಡಿನ ಪಕ್ಕ ಇಟ್ಟು, ಎರಡರ ನಂಬರಿನ ಮೇಲೂ ಬೆರಳಿಟ್ಟ. ನನ್ನದು 1070, ಅದು 3050, ಎರಡೂ ಎನ್‌ವಿಡಿಯಾ ಕಂಪೆನಿಯವು. "ನಂಬರ್ ನೋಡಿ ಸಾರ್, ಸುಮಾರು ಮೂರು ಪಟ್ಟು."

ಒಳ್ಳೆಯ ಹುಡುಗ. ಕೂರಲು ಸ್ಟೂಲು ಕೊಟ್ಟ, ಬಿಚ್ಚಿ ನೋಡಿದ್ದಕ್ಕೆ ದುಡ್ಡು ತಗೊಳ್ಳಲಿಲ್ಲ. ಆದರೆ ಈ ಲೆಕ್ಕ ಇದೆಯಲ್ಲ, ಮನೆ ನಂಬರು ನೋಡಿ ತೋಟದ ಸೆಂಟ್ಸ್ ಹೇಳಿದ ಹಾಗೆ. ಮೊದಲ ಎರಡು ಅಂಕಿ ಪೀಳಿಗೆಯದ್ದು, ಕೊನೆಯ ಎರಡು ಅಂತಸ್ತಿನದ್ದು. ನನ್ನದು ಹಳೇ ಮನೆತನದ ಎಪ್ಪತ್ತು, ಅದು ಹೊಸ ಮನೆತನದ ಐವತ್ತು. ಅದರಲ್ಲೂ 3050 ಅಂತ ಒಂದೇ ಹೆಸರಿನಲ್ಲಿ ಬೇರೆ ಬೇರೆ ಕಾರ್ಡುಗಳಿವೆ. 2022ರಲ್ಲಿ ಬಂದ 8 ಜಿಬಿಯದ್ದು ಒಂದು, 2024ರಲ್ಲಿ ಬಂದ 6 ಜಿಬಿಯದ್ದು ಇನ್ನೊಂದು. ವ್ಯತ್ಯಾಸ 2 ಜಿಬಿ ಮೆಮೊರಿ ಮಾತ್ರ ಎಂದು ತಿಳಿದವರು ಮೋಸ ಹೋಗುತ್ತಾರೆ. ಎರಡನೆಯದರಲ್ಲಿ ಲೆಕ್ಕ ಮಾಡುವ ಕೋರುಗಳೂ ಕಡಿಮೆ, ಮೆಮೊರಿಯ ದಾರಿಯೂ 128 ಬಿಟ್ಟಿನಿಂದ 96ಕ್ಕೆ ಇಳಿದದ್ದು. 2016ರ ನನ್ನ 1070ರಲ್ಲಿ ಅದು 256 ಬಿಟ್, ಸೆಕೆಂಡಿಗೆ 256 ಜಿಬಿ ಮಾಹಿತಿ ಸಾಗುತ್ತದೆ. ಹುಡುಗ ತೋರಿಸಿದ್ದು 6 ಜಿಬಿಯದ್ದು, ಅದರಲ್ಲಿ ಸೆಕೆಂಡಿಗೆ 168.

ಇದನ್ನೆಲ್ಲ ಅಲ್ಲಿ ಹೇಳಲಿಲ್ಲ. ನನ್ನ ಮಲಯಾಳ ಮೀನು ಕೊಳ್ಳುವಷ್ಟು ಉಂಟು, ವಾದ ಮಾಡುವಷ್ಟು ಇಲ್ಲ. ಫ್ಯಾನ್ ಬರಲು ನಾಲ್ಕು ದಿನ ಬೇಕು ಅಂದ. ಕಾರ್ಡನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಬದಿಯಡ್ಕ ತಲುಪುವವರೆಗೂ ಅದೇ. ಪಳಯದಲ್ಲೇ ಸಾರೇ.

ಗುರುವಾರ ಅಕ್ಕನ ಮಗ ಮಂಗಳೂರಿನಿಂದ ಬಂದ. ಅವನ ಬ್ಯಾಗಿನಲ್ಲಿ ಏನಿತ್ತು ಹೇಳಿ? ಅದೇ 3050, ಅದೇ 6 ಜಿಬಿ. ನನಗಿನ್ನು ತಡೆಯುವುದು ಹೇಗೆ? ತಾಳಮದ್ದಳೆಯ ವಿಡಿಯೋ ಎಡಿಟ್ ಮಾಡುವ ನನ್ನ ಕಂಪ್ಯೂಟರಿನ ಬಾಗಿಲು ಕಳಚಿ, ಮೊದಲು ನನ್ನದನ್ನು ಹಾಕಿದೆವು. ಫ್ಯಾನ್ ಇಲ್ಲದ ಬದಿಗೆ ಟೇಬಲ್ ಫ್ಯಾನ್ ತಿರುಗಿಸಿಟ್ಟೆವು. ಅಪ್ಪ ಬಾಗಿಲಲ್ಲಿ ನಿಂತು ನೋಡಿ, "ಎಂತ, ಅದಕ್ಕೂ ಸೆಕೆಯಾ?" ಅಂದರು.

ಅವನ ಆಟದಲ್ಲಿ ಮಳೆ ಸುರಿಯುವ ಒಂದು ಬೀದಿ. ಹೊರಗೂ ಸುರಿಯುತ್ತಿತ್ತು. ಅದೇ ಬೀದಿ, ಅದೇ ಸೆಟ್ಟಿಂಗು, ಮೊದಲು ನನ್ನದು, ಆಮೇಲೆ ಅವನದು. ನನ್ನದೇ ಮುಂದೆ. ಹುಡುಗ ಮಾತಾಡಲಿಲ್ಲ. ಎಂಟು ವರ್ಷ ಕಿರಿಯ ಕಾರ್ಡನ್ನು ಸೋಲಿಸಿದ ಖುಷಿಯಲ್ಲಿ ನಾನೊಂದು ಬಾಳೆಹಣ್ಣು ತಿಂದೆ. "ಮಾವ, ಡಿಎಲ್‌ಎಸ್‌ಎಸ್ ಹಾಕಿ ನೋಡುವ" ಅಂದ. ಅಂದರೆ ಕಾರ್ಡು ಚಿತ್ರವನ್ನು ಸಣ್ಣದಾಗಿ ಬರೆದು, ಟೆನ್ಸರ್ ಕೋರ್ ಎಂಬ ಬೇರೆಯೇ ಭಾಗದ ಬಲದಿಂದ ದೊಡ್ಡದು ಮಾಡಿ ತೋರಿಸುವುದು. ನನ್ನದರಲ್ಲಿ ಆ ಭಾಗವೇ ಇಲ್ಲ. ಹಾಕಿದ, ಅವನದು ಓಡಿತು. ದೂರದ ಬೋರ್ಡಿನ ಅಕ್ಷರ ಸ್ವಲ್ಪ ಮಿಣಮಿಣ ಅನ್ನುತ್ತಿತ್ತು, ಅದನ್ನು ಮೂರು ಸಲ ಎತ್ತಿ ತೋರಿಸಿದೆ. ಅವನು ಕೇಳಿಸಿಕೊಳ್ಳಲಿಲ್ಲ.

ಆಮೇಲೆ ಬ್ಲೆಂಡರ್, ತ್ರೀಡಿ ಚಿತ್ರ ಮಾಡುವ ಸಾಫ್ಟ್‌ವೇರು. ಇಲ್ಲಿ ನನಗೆ ಮರ್ಯಾದೆ ಉಳಿಯಲಿಲ್ಲ. ಬೆಳಕಿನ ಕಿರಣ ಎಲ್ಲಿ ತಾಗಿ ಎಲ್ಲಿ ತಿರುಗುತ್ತದೆ ಎಂಬ ಲೆಕ್ಕಕ್ಕೆಂದೇ ಹೊಸದರಲ್ಲಿ ಪ್ರತ್ಯೇಕ ಯಂತ್ರವಿದೆ. ಅವನದರ ಸರದಿಯಲ್ಲಿ ನಾನು ಚಾ ತರುವಷ್ಟರಲ್ಲಿ ಚಿತ್ರ ಮುಗಿದಿತ್ತು. ನನ್ನದರ ಸರದಿಯಲ್ಲಿ ಚಾ ಕುಡಿದು, ಲೋಟ ತೊಳೆದಿಟ್ಟು ಬಂದರೂ ಮೂಲೆ ಖಾಲಿ. ಅಷ್ಟರಲ್ಲಿ ಕರೆಂಟು ಹೋಯಿತು, ಇನ್ವರ್ಟರ್ ಕೂಗತೊಡಗಿತು. ನನ್ನ ಕಾರ್ಡು 150 ವ್ಯಾಟಿನದ್ದು, ಅದರ ತಲೆಗೆ ಬೇರೆಯೇ ಕೇಬಲ್ ಬೇಕು. ಅವನದು 70, ಸ್ಲಾಟಿನಿಂದಲೇ ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಟೇಬಲ್ ಫ್ಯಾನಿನ ಲೆಕ್ಕವನ್ನೂ ನನ್ನ ಕಾರ್ಡಿಗೇ ಸೇರಿಸಿದ, ಪೋಕರಿ.

ಕತ್ತಲೆಯಲ್ಲಿ ಕೂತಾಗ ಅವನೇ ಹೇಳಿದ, ನಿಮ್ಮದಕ್ಕೆ ಡ್ರೈವರ್ ನಿಂತಿತಲ್ಲ ಮಾವ. ಗೊತ್ತಿತ್ತು. ಡ್ರೈವರ್ ಅಂದರೆ ಕಂಪ್ಯೂಟರು ಕಾರ್ಡಿನ ಜೊತೆ ಮಾತಾಡುವ ಸಾಫ್ಟ್‌ವೇರು. ಈ ಪೀಳಿಗೆಗೆ ಹೊಸ ಆಟಗಳ ಡ್ರೈವರು 2025ರ ಅಕ್ಟೋಬರಿಗೆ ಕೊನೆ, ಬಳಿಕ 2028ರ ಅಕ್ಟೋಬರ್ ತನಕ ಬರೀ ಭದ್ರತೆಯ ಅಪ್ಡೇಟು.

"ಹಾಳಾಗಿದಾ ಅದು?" ಅಪ್ಪ ಒಳಗಿನಿಂದ ಕೇಳಿದರು.

"ಇಲ್ಲ."

"ಮತ್ತೆ?"

ಈ "ಮತ್ತೆ"ಗೆ ನನ್ನಲ್ಲಿ ಉತ್ತರವಿರಲಿಲ್ಲ. ಅಪ್ಪ ಇಲ್ಲಿನ ಕನ್ನಡ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ನಿವೃತ್ತರಾಗುವ ವರ್ಷ ಅವರ ತರಗತಿಯಲ್ಲಿ ಒಂಬತ್ತು ಮಕ್ಕಳು. ಮಕ್ಕಳು ದಡ್ಡರಾಗಿರಲಿಲ್ಲ, ಪಾಠ ಕೆಟ್ಟಿರಲಿಲ್ಲ. ಆದರೆ ಅರ್ಜಿ ಫಾರಂ, ಸುತ್ತೋಲೆ, ಬಸ್ಸಿನ ಬೋರ್ಡು ಒಂದೊಂದಾಗಿ ಬೇರೆ ಭಾಷೆಗೆ ಹೋಗುತ್ತಿದ್ದವು. ಸುತ್ತಲಿನದ್ದೆಲ್ಲ ನಮ್ಮನ್ನು ಲೆಕ್ಕಕ್ಕೆ ಹಿಡಿಯುವುದನ್ನು ನಿಲ್ಲಿಸಿದರೆ, ಒಳಗೆ 256 ಬಿಟ್ ಇದ್ದೇನು? 1956ರ ನವೆಂಬರಿನಲ್ಲಿ ನಾವು ಕೇರಳಕ್ಕೆ ಸೇರಿದೆವು. ಚಂದ್ರಗಿರಿ ಹೊಳೆಯಿಂದ ಬಡಗಿನ ಭಾಗ ಕರ್ನಾಟಕಕ್ಕೆ ಹೋಗಲಿ ಎಂದ, ಗಡಿ ವಿವಾದದ ಮಹಾಜನ ಆಯೋಗದ ವರದಿ 1967ರದ್ದು. ಅದಕ್ಕೂ ಅಪ್ಡೇಟ್ ಬರಲಿಲ್ಲ. ನಾನೇನು ಗಡಿ ಹೋರಾಟದವನಲ್ಲ. ನನ್ನ ಮಗಳೂ ಇಂಗ್ಲಿಷ್ ಮೀಡಿಯಮ್ಮೇ. ಅಪ್ಪನ "ಮತ್ತೆ" ಅದಕ್ಕೇ ಇನ್ನಷ್ಟು ಚುಚ್ಚಿದ್ದು.

ನಿನ್ನೆ ಶನಿವಾರ ಫ್ಯಾನ್ ಬಂತು. ಹುಡುಗ ಕೂರಿಸಿ, ಅಂಗಡಿಯ ಕಂಪ್ಯೂಟರಿಗೇ ಹಾಕಿ ಒಂದು ಟೆಸ್ಟ್ ಓಡಿಸಿದ. ಪರದೆ ನೋಡಿದ, ಪಕ್ಕದ ಹೊಸ ಪೆಟ್ಟಿಗೆ ನೋಡಿದ, ಮತ್ತೆ ಪರದೆ.

"ಇದ್ ನಲ್ಲೋಣಂ ಓಡುನ್ನುಂಡಲ್ಲೋ ಸಾರೇ." ಚೆನ್ನಾಗಿ ಓಡುತ್ತದಲ್ಲ.

ಪಳಯದಲ್ಲೇ, ಅಂದೆ. ನಕ್ಕ. 450 ರೂಪಾಯಿ ತಗೊಂಡ.

ಮನೆಗೆ ತಂದು ಹಾಕಿದ್ದೇನೆ. ಹೊಸ ಫ್ಯಾನಿನ ಸದ್ದು ಹಳೇದಕ್ಕಿಂತ ಜಾಸ್ತಿ.