ತಿರುಗಿಸಿಟ್ಟ ಹಳೆಯ ಲೆನ್ಸು, ಮೂರು ಮಿಲಿಮೀಟರಿನ ಹಿಮಹರಳು

ಹಿಮಹರಳುಗಳ ಫೋಟೋ ತೆಗೆಯಬೇಕೆಂದು ಮೊದಲ ಸಲ ಹೊರಗೆ ಹೋದ ರಾತ್ರಿ ನನ್ನ ಕ್ಯಾಮೆರಾದಲ್ಲಿ ದಾಖಲಾದದ್ದು ಬರೀ ನೀರಿನ ಹನಿಗಳು. ಬೆಚ್ಚಗಿನ ಕೋಣೆಯಿಂದ ಆಗಷ್ಟೇ ತಂದ ಕಪ್ಪು ಬಟ್ಟೆಯ ಮೇಲೆ ಬಿದ್ದ ಹರಳುಗಳು ನಾನು ಫೋಕಸ್ ಹುಡುಕುವಷ್ಟರಲ್ಲಿ ಕರಗಿಹೋದವು. ಉಳಿದ ಒಂದೆರಡನ್ನು ಹತ್ತಿರದಿಂದ ನೋಡಲು ಬಗ್ಗಿದಾಗ ಅವು ನನ್ನ ಉಸಿರಿಗೇ ಕರಗಿದವು. ಪುಟ್ಟ ವಸ್ತುಗಳನ್ನು ಹತ್ತಿರದಿಂದ ದೊಡ್ಡದಾಗಿ ಸೆರೆಹಿಡಿಯುವ ಒಳ್ಳೆಯ ಮ್ಯಾಕ್ರೋ ಲೆನ್ಸ್ ಕೊಳ್ಳುವಷ್ಟು ಹಣವಿಲ್ಲವಲ್ಲ ಎಂದು ಅಲ್ಲಿಯವರೆಗೆ ಕೊರಗುತ್ತಿದ್ದೆ. ಎಂಥ ದುಬಾರಿ ಲೆನ್ಸ್ ಇದ್ದಿದ್ದರೂ ಆ ರಾತ್ರಿ ಅದೇ ಹನಿಗಳು ಇನ್ನಷ್ಟು ಸ್ಪಷ್ಟವಾಗಿ ಮೂಡುತ್ತಿದ್ದವು, ಅಷ್ಟೆ.

ಉಪಕರಣದ ವಿಷಯವನ್ನು ಮೊದಲು ಮುಗಿಸಿಬಿಡುತ್ತೇನೆ. ಮಾಮೂಲಿ ಲೆನ್ಸ್ ದೂರದ ದೊಡ್ಡ ವಸ್ತುವಿನ ಚಿಕ್ಕ ಬಿಂಬವನ್ನು ಸೆನ್ಸರಿನ, ಅಂದರೆ ಕ್ಯಾಮೆರಾದೊಳಗೆ ಬೆಳಕನ್ನು ದಾಖಲಿಸುವ ಫಲಕದ, ಮೇಲೆ ಮೂಡಿಸುತ್ತದೆ. ಅದನ್ನೇ ಹಿಂದುಮುಂದಾಗಿ ತಿರುಗಿಸಿದರೆ ಹತ್ತಿರದ ಚಿಕ್ಕ ವಸ್ತುವನ್ನು ದೊಡ್ಡದು ಮಾಡುತ್ತದೆ. ಫಿಲ್ಮ್ ಕಾಲದ 50 ಮಿಲಿಮೀಟರ್ ನಾಭಿದೂರದ (ಫೋಕಲ್ ಲೆಂತ್) ಹಳೆಯ ಲೆನ್ಸೊಂದನ್ನು 100 ಮಿಲಿಮೀಟರಿನ ಲೆನ್ಸಿನ ಮುಂದೆ ಹಿಂದುಮುಂದಾಗಿ ಜೋಡಿಸಿದರೆ ಎರಡು ಪಟ್ಟು ಹಿಗ್ಗುವಿಕೆ ಸಿಗುತ್ತದೆ, ಅಂದರೆ ಮೂರು ಮಿಲಿಮೀಟರಿನ ಹರಳು ಸೆನ್ಸರಿನ ಮೇಲೆ ಆರು ಮಿಲಿಮೀಟರ್ ಜಾಗವನ್ನು ಆಕ್ರಮಿಸುತ್ತದೆ. ಗಾಜಿಲ್ಲದ ಪೊಳ್ಳು ಕೊಳವೆಗಳಾದ ಎಕ್ಸ್‌ಟೆನ್ಶನ್ ಟ್ಯೂಬುಗಳೂ ಸಾಕಾಗುತ್ತವೆ: 50 ಮಿಲಿಮೀಟರಿನ ಲೆನ್ಸಿನ ಹಿಂದೆ ಅಷ್ಟೇ ಉದ್ದದ ಕೊಳವೆ ಸೇರಿಸಿದರೆ ವಸ್ತುವಿನ ನಿಜವಾದ ಗಾತ್ರದ ಬಿಂಬ ಬರುತ್ತದೆ. ಫೋನಿಗೆ ಸಿಕ್ಕಿಸುವ ಪುಟ್ಟ ಮ್ಯಾಕ್ರೋ ಲೆನ್ಸಿನಿಂದಲೂ ಆರು ತೋಳುಗಳು ನಿಚ್ಚಳವಾಗಿ ಕಾಣುತ್ತವೆ, ಅಂಚುಗಳು ಮಾತ್ರ ತುಸು ಮಸುಕಾಗುತ್ತವೆ. ತಿರುಗಿಸಿಟ್ಟ ಲೆನ್ಸಿನ ಒಳಭಾಗ ಹಿಮಕ್ಕೆ ಬಯಲಾಗಿರುತ್ತದೆ ಎಂಬುದೊಂದನ್ನು ಮರೆಯಬಾರದು.

ನಿಜವಾದ ಕೆಲಸ ಚಳಿಯಲ್ಲಿದೆ. ಮರದ ಹಲಗೆ, ಅದರ ಮೇಲೆ ಹಾಸುವ ಕಪ್ಪು ಉಣ್ಣೆಯ ಬಟ್ಟೆ, ಸಣ್ಣ ಕುಂಚ, ಕ್ಯಾಮೆರಾ ಇಷ್ಟನ್ನೂ ನಾನೀಗ ಅರ್ಧ ಗಂಟೆ ಮುಂಚೆಯೇ ಹೊರಗಿಟ್ಟು ತಣ್ಣಗಾಗಲು ಬಿಡುತ್ತೇನೆ. ಬ್ಯಾಟರಿ ಮಾತ್ರ ಚಳಿಗೆ ಬೇಗ ಸೋಲುವುದರಿಂದ ಅದು ಕೊನೆಯ ಗಳಿಗೆಯವರೆಗೆ ನನ್ನ ಒಳಜೇಬಿನಲ್ಲೇ ಇರುತ್ತದೆ. ಉಣ್ಣೆಯನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಅದರ ನವಿರಾದ ಎಳೆಗಳ ತುದಿಯಲ್ಲಿ ಹರಳು ನಾಲ್ಕಾರು ಕಡೆ ಮಾತ್ರ ತಾಗಿಕೊಂಡು, ಬಹುಪಾಲು ಗಾಳಿಯಲ್ಲೇ ಕುಳಿತಿರುತ್ತದೆ; ಕೆಲವೊಮ್ಮೆ ಓರೆಯಾಗಿ ನಿಲ್ಲುವುದೂ ಉಂಟು, ಆಗ ಕುಂಚದ ಒಂದೇ ಕೂದಲಿನಿಂದ ಅದನ್ನು ಮಲಗಿಸುತ್ತೇನೆ. ಬಾಯಿಗೆ ಬಟ್ಟೆ ಸುತ್ತಿಕೊಂಡಿದ್ದರೂ ಉಸಿರನ್ನು ಪಕ್ಕಕ್ಕೆ ಬಿಡುವ ಅಭ್ಯಾಸ ಬೇಕು.

ಯಾವ ದಿನ ಯಾವ ಆಕಾರ ಸಿಗುತ್ತದೆ ಎಂಬುದನ್ನು ಮೋಡದೊಳಗಿನ ಉಷ್ಣತೆ ಮತ್ತು ತೇವಾಂಶ ನಿರ್ಧರಿಸುತ್ತವೆ. ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದಲ್ಲಿ ಉಕಿಚಿರೊ ನಕಾಯಾ 1936ರಲ್ಲಿ ಮೊಲದ ಕೂದಲಿನ ತುದಿಯಲ್ಲಿ ಕೃತಕ ಹಿಮಹರಳನ್ನು ಬೆಳೆಸಿ, ಈ ಸಂಬಂಧವನ್ನು ಒಂದು ನಕ್ಷೆಯಾಗಿಯೇ ಬಿಡಿಸಿಟ್ಟರು. ಸುಮಾರು ಮೈನಸ್ 5 ಡಿಗ್ರಿಯಲ್ಲಿ ಸೂಜಿಗಳು ಮತ್ತು ಟೊಳ್ಳು ಕಂಬಗಳು ಬೆಳೆಯುತ್ತವೆ; ಮೈನಸ್ 15ರ ಆಸುಪಾಸಿನಲ್ಲಿ, ತೇವ ಹೆಚ್ಚಿದ್ದರೆ, ಎಲ್ಲರೂ ಆಸೆಪಡುವ ಕವಲೊಡೆದ ನಕ್ಷತ್ರಗಳು ಹುಟ್ಟುತ್ತವೆ. ಹೊರಗಿನ ಥರ್ಮಾಮೀಟರ್ ನೆಲದ ಚಳಿಯನ್ನಷ್ಟೇ ಹೇಳುವುದರಿಂದ ನಾನು ಅದನ್ನು ಅಷ್ಟಾಗಿ ನಂಬದೆ, ಕೋಟಿನ ತೋಳಿನ ಮೇಲೆ ಬಿದ್ದದ್ದನ್ನು ಭೂತಗನ್ನಡಿಯಲ್ಲಿ ನೋಡಿದ ಮೇಲೆಯೇ ಹಲಗೆಯನ್ನು ಹೊರಗಿಡಬೇಕೇ ಬೇಡವೇ ಎಂದು ತೀರ್ಮಾನಿಸುತ್ತೇನೆ.

ಕಳೆದ ಚಳಿಗಾಲದ ಒಂದು ಹರಳು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನಡುವೆ ಸೂಜಿಮೊನೆಯಷ್ಟು ಷಟ್ಕೋನದ ಬಿಲ್ಲೆ, ಅದರ ಮೂಲೆಗಳಿಂದ ಹೊರಟ ಆರು ತೋಳುಗಳಲ್ಲಿ ಐದು ಜರೀಗಿಡದ ಎಲೆಯಂತೆ ಕವಲೊಡೆದಿದ್ದವು, ಆರನೆಯದು ಅರ್ಧಕ್ಕೇ ಮುರಿದಿತ್ತು. ಆ ಮೊಂಡು ತೋಳಿನ ಮೇಲೆ, ಮೋಡದಲ್ಲಿ ತಾಗಿ ಹೆಪ್ಪುಗಟ್ಟಿದ ಸಣ್ಣ ಹನಿಗಳು ಬೆವರಸಾಲೆಯಂತೆ ಎದ್ದಿದ್ದವು. ನಾನು ಹತ್ತು ಚಿತ್ರ ತೆಗೆಯುವುದರೊಳಗೆ ಕವಲುಗಳ ಚೂಪು ತುದಿಗಳು ಮೊಂಡಾಗತೊಡಗಿದ್ದವು. ಕರಗಲು ಬೇಕಾದಷ್ಟು ಬಿಸಿ ಅಲ್ಲಿರಲಿಲ್ಲ, ಮಂಜುಗಡ್ಡೆ ನೀರಾಗದೆ ನೇರವಾಗಿ ಆವಿಯಾಗುತ್ತಿತ್ತು, ಮತ್ತು ಈ ಉತ್ಪತನಕ್ಕೆ ಮೊದಲು ಬಲಿಯಾಗುವುದು ಚೂಪಾದ ಭಾಗಗಳೇ.

ಹತ್ತು ಚಿತ್ರ ಯಾಕೆಂದರೆ, ಇಷ್ಟು ಹತ್ತಿರದಲ್ಲಿ ಸ್ಪಷ್ಟವಾಗಿ ಕಾಣುವ ಆಳ ಮಿಲಿಮೀಟರಿನ ಸಣ್ಣ ಅಂಶವಷ್ಟೇ. ಕ್ಯಾಮೆರಾವನ್ನು ಕೂದಲೆಳೆಯಷ್ಟು ಮುಂದಕ್ಕೆ ಸರಿಸುತ್ತ ಸಾಲಾಗಿ ತೆಗೆದ ಚಿತ್ರಗಳನ್ನು ಉಚಿತ ತಂತ್ರಾಂಶದಲ್ಲಿ ಒಂದರ ಮೇಲೊಂದು ಪೇರಿಸಿದರೆ ಇಡೀ ಹರಳು ಸ್ಪಷ್ಟವಾಗುತ್ತದೆ. ಹರಳು ಸಪಾಟಾಗಿ ಮಲಗಿದ್ದರೆ ಒಂದೇ ಫೋಕಸಿನ ಚಿತ್ರಗಳ ಸರಾಸರಿ ತೆಗೆಯುವುದೂ ಲಾಭದ್ದೇ: ಒಂಬತ್ತು ಚಿತ್ರಗಳನ್ನು ಸೇರಿಸಿದರೆ ಕತ್ತಲಲ್ಲಿ ಕಾಣಿಸಿಕೊಳ್ಳುವ ಕಾಳುಕಾಳಾದ ಚುಕ್ಕೆಗಳ ಗದ್ದಲ (ನಾಯ್ಸ್) ಮೂರನೇ ಒಂದು ಭಾಗಕ್ಕಿಳಿಯುತ್ತದೆ. ಅಗ್ಗದ ಕ್ಯಾಮೆರಾಕ್ಕೆ ಇದಕ್ಕಿಂತ ದೊಡ್ಡ ಉಪಕಾರವನ್ನು ನಾನು ಕಂಡಿಲ್ಲ.

ಬೆಳಕಿನ ವಿಷಯದಲ್ಲಿ ಫ್ಲ್ಯಾಶನ್ನು ನಾನು ಬೇಗ ಕೈಬಿಟ್ಟೆ, ಏಕೆಂದರೆ ನೇರವಾಗಿ ಬಿದ್ದ ಬೆಳಕಿನಲ್ಲಿ ಹರಳು ಬಿಳಿ ಕಾಗದದ ಚೂರಿನಂತೆ ಕಾಣುತ್ತಿತ್ತು. ಎಲ್‌ಇಡಿ ಟಾರ್ಚನ್ನು ಹಲಗೆಯ ಮಟ್ಟಕ್ಕಿಳಿಸಿ ಪಕ್ಕದಿಂದ ಹಾಯಿಸಿದಾಗ ಮಾತ್ರ ಪಾರದರ್ಶಕವಾದ ಮೈಯ ಮೇಲಿನ ಗೀರುಗಳೂ ಏಣುಗಳೂ ಎದ್ದು ಬರುತ್ತವೆ.

ಅಮೆರಿಕದ ವರ್ಮಾಂಟ್ ರಾಜ್ಯದ ಜೆರಿಕೊ ಊರಿನ ರೈತ ವಿಲ್ಸನ್ ಬೆಂಟ್ಲಿ ಸೂಕ್ಷ್ಮದರ್ಶಕವನ್ನು ಕ್ಯಾಮೆರಾಕ್ಕೆ ಜೋಡಿಸಿ 1885ರ ಜನವರಿಯಲ್ಲಿ ತನ್ನ ಮೊದಲ ಹರಳಿನ ಚಿತ್ರ ತೆಗೆದಾಗ ಅವನಿಗಿನ್ನೂ ಹತ್ತೊಂಬತ್ತು ವರ್ಷ. ಮುಂದೆ ಐದು ಸಾವಿರಕ್ಕೂ ಹೆಚ್ಚು ಚಿತ್ರ ತೆಗೆದ ಅವನು, ಹಿನ್ನೆಲೆ ಕಪ್ಪಾಗಿ ಕಾಣಲೆಂದು ನೆಗೆಟಿವಿನಲ್ಲಿ ಹರಳಿನ ಸುತ್ತಲಿನ ಲೇಪವನ್ನು ಕೈಯಿಂದ ಕೆರೆದು ತೆಗೆಯುತ್ತಿದ್ದ. ಆ ತಾಳ್ಮೆಗೆ ನಾನು ಕೈಮುಗಿಯುತ್ತೇನೆ, ಆದರೆ ಅವನು ಹುಡುಕಿ ಹುಡುಕಿ ಆರಿಸಿದ ಪರಿಪೂರ್ಣ ಸಮರೂಪದ ಹರಳುಗಳು ಹಿಮವೆಲ್ಲ ಹೀಗೆಯೇ ಇರುತ್ತದೆಂಬ ಭ್ರಮೆ ಹುಟ್ಟಿಸಿವೆ ಎಂದೂ ನನಗನ್ನಿಸುತ್ತದೆ. ಬಟ್ಟೆಯ ಮೇಲೆ ಬೀಳುವವುಗಳಲ್ಲಿ ಬಹುಪಾಲು ಮುರಿದವು, ಅಂಟಿಕೊಂಡವು, ಒಂದು ಬದಿಗೆ ವಾಲಿ ಬೆಳೆದವು. ನನ್ನ ಸಂಗ್ರಹದಲ್ಲಿ ಅವಕ್ಕೂ ಜಾಗವಿದೆ.

ಒಳಗೆ ಬರುವ ಮುನ್ನ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಭದ್ರವಾಗಿ ಮುಚ್ಚಬೇಕು. ಹಾಗೆ ಮಾಡಿದರೆ ಕೋಣೆಯ ತೇವ ಚೀಲದ ಹೊರಮೈಯಲ್ಲಿ ಹನಿಗಟ್ಟುತ್ತದೆ, ಲೆನ್ಸಿನೊಳಗೆ ಸೇರುವುದಿಲ್ಲ. ಎಲ್ಲವೂ ಕೋಣೆಯಷ್ಟೇ ಬೆಚ್ಚಗಾಗಲು ಒಂದೆರಡು ಗಂಟೆ ಹಿಡಿಯುತ್ತದೆ, ಅಷ್ಟು ಹೊತ್ತು ಚಿತ್ರಗಳನ್ನು ನೋಡದೆ ಇರುವುದು ನನ್ನಿಂದಾಗದ ಮಾತು. ಆದ್ದರಿಂದ ಚೀಲ ಮುಚ್ಚುವ ಮೊದಲೇ ಮೆಮೊರಿ ಕಾರ್ಡನ್ನು ತೆಗೆದು ಜೇಬಿಗಿಳಿಸಿಕೊಂಡಿರುತ್ತೇನೆ.